ಎಮ್ಮೆಗೆ ಸರಗಂಟು, ಸೋಮನಿಂಗನಿಗೆ ಕಗ್ಗಂಟು

ಕೊಟ್ಟಿಗೆಗೆ ಬೆಂಕಿ ಬಿದ್ದರೆ ಮೊದಲು ಏನು ಮಾಡುತ್ತೀರಿ?

ಕೇಳುವ ಮಾತೇ ಅಲ್ಲ. ದನದ ಹಗ್ಗ ಬಿಚ್ಚುತ್ತೀರಿ. ನಮ್ಮ ಕಡೆ ಸಣ್ಣ ಮಕ್ಕಳಿಗೂ ಇದು ಗೊತ್ತು. ಅದಕ್ಕೇ ನಾವು ದನಕ್ಕೆ ಸರಗಂಟು ಹಾಕುತ್ತೇವೆ. ಹಗ್ಗದ ತುದಿ ಹಿಡಿದು ಒಮ್ಮೆ ಜಗ್ಗಿದರೆ ಸಾಕು, ಗಂಟು ತಾನೇ ಬಿಚ್ಚಿಕೊಳ್ಳುತ್ತದೆ. ಹಾವು ಬರಲಿ, ಬೆಂಕಿ ಬರಲಿ, ಮೂಕ ಪ್ರಾಣಿ ಕಟ್ಟಿದಲ್ಲೇ ಸಾಯಬಾರದು. ಹಿರಿಯರು ಕಲಿಸಿದರು, ನಾವು ಕಲಿತೆವು.

ಇಷ್ಟೆಲ್ಲ ತಿಳಿದ ನಮ್ಮ ಜನ ಒಬ್ಬ ಮನುಷ್ಯನಿಗೆ ಎಂಥ ಗಂಟು ಹಾಕಿದರು, ಕೇಳಿರಿ.

ಸಿಂದಗಿ ತಾಲೂಕಿನ ಒಂದು ಹಳ್ಳಿ. ದೇವರ ಹಿಪ್ಪರಗಿ ಸಂತೆಗೆ ನಡೆದೇ ಹೋಗುವಷ್ಟು ಹತ್ತಿರ. ಅಲ್ಲಿ ಪರಪ್ಪ, ಲಕ್ಕವ್ವ ಎಂಬ ಗಂಡ ಹೆಂಡತಿ. ಹೊಲ ಮನೆ ಇದ್ದವರು. ಅವರ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಬಾಳಮ್ಮ ಎಂಬ ವಿಧವೆ. ಅವಳಿಗೆ ಒಬ್ಬನೇ ಮಗ, ಸೋಮನಿಂಗ. ವಯಸ್ಸು ಮೂವತ್ತು ದಾಟಿತ್ತು. ಮೀಸೆ ಬಂದಿತ್ತು, ತೋಳಿನಲ್ಲಿ ಶಕ್ತಿ ಇತ್ತು. ಬುದ್ಧಿ ಮಾತ್ರ ವಯಸ್ಸಿನ ಜೊತೆ ಬೆಳೆದಿರಲಿಲ್ಲ. ಮಾತು ಕಡಿಮೆ. ಹೇಳಿದ್ದನ್ನು ಹೇಳಿದಂತೆ ಕೇಳುವವನು. ಬಾಳಮ್ಮ ಸಂತೆಯಲ್ಲಿ ಮೆಂತ್ಯಪಲ್ಲೆ, ಪುಂಡಿಪಲ್ಲೆ ಮಾರುತ್ತಿದ್ದಳು. ಅವಳ ಬುಟ್ಟಿ ಹೊತ್ತು ಸೋಮನಿಂಗ ಹಿಂದೆ ನಡೆಯುತ್ತಿದ್ದ.

ಬಾಳಮ್ಮ ತೀರಿಕೊಂಡಳು. ಇಂಡಿ ಕಡೆಯಿಂದ ಅವಳ ಸಂಬಂಧಿಕರು ಬಂದರು. ದಿನಕಾರ್ಯ ಮುಗಿಸಿ ಮನೆಗೆ ಕೀಲಿ ಜಡಿದರು. ಹುಡುಗನನ್ನು ಏನು ಮಾಡುತ್ತೀರಿ ಎಂದು ಊರವರು ಕೇಳಿದರೆ, "ಎಲ್ಲಿ ಒಯ್ಯೂದ್ರಿ ಇಂವನ್ನ? ಯಾವುದರ ಗುಡಿ ಮುಂದ ಬಿಟ್ಟರ ಯಾರರ ಅನ್ನ ಹಾಕ್ತಾರ" ಅಂದರು.

ಲಕ್ಕವ್ವನಿಗೆ ಸಿಟ್ಟು ನೆತ್ತಿಗೇರಿತು.

"ಗುಡಿ ಮುಂದ ಬಿಡಾಕ ಇಂವೇನು ಮುದಿ ಎತ್ತೇನ್ರಿ? ನಿಮಗ ಬ್ಯಾಡಾದ್ರ ಬಿಡ್ರಿ. ನಮ್ಮ ಮನ್ಯಾಗ ಒಂದ ರೊಟ್ಟಿ ಹೆಚ್ಚಿಗಿ ಬಡದರಾತು."

ಹೀಗೆ ಸೋಮನಿಂಗ ಪರಪ್ಪನ ಮನೆ ಸೇರಿದ. ರಕ್ತ ಸಂಬಂಧ ಇಲ್ಲ, ಬೀಗತನ ಇಲ್ಲ. ಸುಮ್ಮನೆ ನೆರೆಮನೆ. ಲಕ್ಕವ್ವ ಅವನಿಗೆ ಬಿಸಿ ರೊಟ್ಟಿ ಹಾಕಿದಳು, ತಲೆಗೆ ಎಣ್ಣೆ ಹಚ್ಚಿದಳು, ನಾಗರಪಂಚಮಿಗೆ ಹೊಸ ಅಂಗಿ ಹೊಲಿಸಿದಳು. ಅವನು ಅವಳನ್ನು ಅವ್ವಾ ಅಂದ. ಊರೆಲ್ಲ ಹೊಗಳಿತು. ಹೊಗಳಬೇಕಾದದ್ದೇ. ಪರರ ಮಗನನ್ನು ಮನೆಯೊಳಗೆ ಕರೆದುಕೊಂಡು ಸಾಕುವವರು ನಮ್ಮಲ್ಲಿ ಎಷ್ಟು ಜನ?

ಆದರೆ ಸೋಮನಿಂಗ ಆಗಾಗ ಮನೆ ಬಿಟ್ಟು ಹೋಗತೊಡಗಿದ. ಯಾರಿಗೂ ಹೇಳುತ್ತಿರಲಿಲ್ಲ. ರಸ್ತೆ ಹಿಡಿದು ಒಂದೇ ಸವನೆ ನಡೆಯುತ್ತಿದ್ದ. ಹುಡುಕಿ ಕರೆತಂದರೆ ಕೆಲವು ದಿನ ಬಿಟ್ಟು ಮತ್ತೆ ಹೋಗುತ್ತಿದ್ದ. ಒಮ್ಮೆ ಹಾದಿಯಲ್ಲಿ ಯಾರದೋ ಹೊಲದ ಬದುವಿನಲ್ಲಿ ಪಲ್ಲೆ ಕಿತ್ತ. ಕಳ್ಳನೆಂದು ಹಿಡಿದು ಬಡಿದರು. ಹೆಸರು ಕೇಳಿದರೆ ಹೇಳಲಿಲ್ಲ, ಊರು ಕೇಳಿದರೆ ಹೇಳಲಿಲ್ಲ, ಅದಕ್ಕೂ ಬಡಿದರು. ಮುಖ ಬಾತು ಮನೆಗೆ ಬಂದ. ಅವನನ್ನು ನೋಡಿ ಲಕ್ಕವ್ವ ಎದೆ ಬಡಿದುಕೊಂಡು ಅತ್ತಳು.

ಮರುದಿನದಿಂದ ಗಂಡ ಹೆಂಡತಿ ಹೊಲಕ್ಕೆ ಹೋಗುವಾಗ ಅವನ ಕಾಲಿಗೆ ಹಗ್ಗ ಬಿತ್ತು.

ಕೊಟ್ಟಿಗೆಯ ಕಂಬಕ್ಕೆ ಕಟ್ಟಿದರು. ಕಾಲು ತರಚಬಾರದೆಂದು ಲಕ್ಕವ್ವ ಹಳೆಯ ಧೋತರದ ಚೂರು ಸುತ್ತಿದಳು. ಚರ್ಮ ಮೆತ್ತಗಿರಲಿ ಎಂದು ಔಡಲ ಎಣ್ಣೆ ಹಚ್ಚಿದಳು. ಪಕ್ಕದಲ್ಲಿ ನೀರಿನ ತಂಬಿಗೆ, ಬುತ್ತಿ ಇಟ್ಟಳು. "ಒದರಬ್ಯಾಡ ಮಗಾ. ನಾ ಬರೂತನಾ ಸುಮ್ನ ಕುಂದ್ರು" ಎಂದು ಗದ್ದ ಹಿಡಿದು ಹೇಳಿದಳು. ಪ್ರೀತಿ ಇತ್ತು. ಹಗ್ಗವೂ ಇತ್ತು.

ಮೊದಲ ದಿನ ಪರಪ್ಪ ದನಕ್ಕೆ ಹಾಕುವ ಸರಗಂಟನ್ನೇ ಹಾಕಿದ. ಕೈಗೆ ರೂಢಿ ಅದೇ ತಾನೆ. ಇವರು ಹೊಲ ಮುಟ್ಟಿ ಕೆಲಸಕ್ಕೆ ಬಗ್ಗಿದ್ದರು, ನೋಡಿದರೆ ಬದುವಿನ ಮೇಲೆ ಸೋಮನಿಂಗ ನಿಂತಿದ್ದ. ಕೈಯಲ್ಲಿ ಅದೇ ಹಗ್ಗ.

ಹೊಲದಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. "ಏ ಪರಪ್ಪಣ್ಣ, ಮಬ್ಬ ಅಂತಿದ್ದಿ, ಸರಗಂಟ ಬಿಚ್ಚ್ಯಾನಲ್ಲೋ ಮಗ! ನಿನ್ನ ಎತ್ತಿಗೆ ಇಷ್ಟ ಬುದ್ಧಿ ಐತೇನ?"

ಪರಪ್ಪನೂ ನಕ್ಕ. ಮರುದಿನ ಹಗ್ಗಕ್ಕೆ ನೀರು ಹಚ್ಚಿ, ಬಿಗಿದು, ಕಗ್ಗಂಟು ಹಾಕಿದ. ಸಂಜೆ ಬಂದು ತಾನೇ ಒಂದು ಮೊಳೆ ತೂರಿಸಿ ಸಡಿಲಿಸುತ್ತಿದ್ದ. ಹಗಲೆಲ್ಲ ಆ ಗಂಟು ಬಿಚ್ಚುವುದು ಯಾರಿಂದಲೂ ಆಗುತ್ತಿರಲಿಲ್ಲ.

ನಕ್ಕವರಲ್ಲಿ ಒಬ್ಬನಾದರೂ ಆ ಹೊತ್ತಿಗೆ ಯೋಚನೆ ಮಾಡಬೇಕಿತ್ತು. ಗಂಟು ಬಿಚ್ಚಲು ತಿಳಿದವನಿಗೆ ಬೇರೆ ಏನೇನು ತಿಳಿದೀತು ಎಂದು ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ಗಂಟು ಬದಲಾಯಿಸಿದರು, ಅಷ್ಟೇ.

ಕೇಳಿದವಳು ಒಬ್ಬಳಿದ್ದಳು. ಅಂಗನವಾಡಿಯಲ್ಲಿ ಅಡುಗೆ ಮಾಡುವ ಸಾವಿತ್ರವ್ವ. ಊರ ಕೊನೆಯ ಓಣಿಯವಳು. ಅವಳ ಮೈದುನ ಭೀಮು ಕೂಡ ಸೋಮನಿಂಗನಂತೆಯೇ. ಅವನಿಗೆ ಮೂರ್ಛೆಯೂ ಬರುತ್ತಿತ್ತು. ಅಂಥವರನ್ನು ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕೆಂದು ಸಿಂದಗಿಯಲ್ಲಿ ಒಂದು ಸಂಸ್ಥೆಯವರು ತರಬೇತಿ ಕೊಟ್ಟಾಗ ಗಂಡ ರಾವಸಾಬನನ್ನೂ ಎಳೆದುಕೊಂಡು ಹೋಗಿ ಕಲಿತು ಬಂದಿದ್ದಳು. ನಾಲಿಗೆ ಬಲು ಖಾರ. ಒಂದು ದಿನ ಸ್ವಸಹಾಯ ಸಂಘದ ಸಭೆ ಮುಗಿದ ಮೇಲೆ ಲಕ್ಕವ್ವನನ್ನು ಅಂಗನವಾಡಿ ಕಟ್ಟೆಯ ಹತ್ತಿರ ತಡೆದಳು.

"ಅಕ್ಕಾರ, ಸೋಮನಿಂಗನ ಕಾಲ ಕಟ್ಟೀರಂತ. ಖರೇ ಏನ್ರಿ?"

"ಕಟ್ಟೇವಿ. ಕಟ್ಟದಿದ್ರ ಓಡಿ ಹೋಗ್ತಾನ. ಹೊಡಸ್ಕೊಂಡ ಬಂದ್ರ ನೀ ಬಂದು ಔಷಧ ಹಚ್ಚೀಯೇನು?"

"ನಮ್ಮ ಭೀಮೂನೂ ಹಂಗ ಅದಾನಲ್ರಿ. ನಾವು ಕಟ್ಟಿಲ್ಲ."

"ನಿಮ್ಮ ಭೀಮು ನಿನ್ನ ಗಂಡನ ತಮ್ಮ. ಇಂವ ನಮಗ ಏನೂ ಆಗಬೇಕಾಗಿಲ್ಲ. ಆದರೂ ಅನ್ನ ಹಾಕೇವಿ. ಅದ ತಪ್ಪಾತೇನು?"

"ಅನ್ನ ಹಾಕಿದ್ದಕ್ಕ ನಿಮಗ ಕೈ ಮುಗೀತೇನ್ರಿ. ಹಗ್ಗ ಹಾಕಿದ್ದಕ್ಕ ಬೈತೇನಿ. ಎರಡೂ ಮಾಡ್ತೇನಿ."

"ಬೈಯಾಕ ನೀ ಯಾರ? ನಿನ್ನ ಓಣಿ ನೀ ನೋಡ್ಕೊ ಹೋಗ."

ಹಿಂದೆ ಬರುತ್ತಿದ್ದ ಪರಪ್ಪ ನಡುವೆ ಬಾಯಿ ಹಾಕಿದ. "ಏ ಸಾವಿತ್ರಿ, ಸುಗ್ಗಿ ಮುಗೀಲಿ, ಆಮ್ಯಾಲ ನೋಡೂಣು. ಈಗ ಜ್ವಾಳಾ ಕೀಳೂದು ಬಿಟ್ಟು ಇಂವನ ಕಾವಲ ಕಾಯ್ಕೋತ ಕುಂದ್ರಲೇನು?"

ಸಾವಿತ್ರವ್ವ ತಿರುಗಿ ತನ್ನ ಓಣಿಯ ದಾರಿ ಹಿಡಿದಳು.

ಸುಗ್ಗಿ ಜೋರಾಯಿತು. ಜೋಳ ಕೀಳುವ ದಿನಗಳಲ್ಲಿ ನಮ್ಮ ಊರುಗಳು ಹೇಗಿರುತ್ತವೆ ನಿಮಗೆ ಗೊತ್ತು. ಕೈಕಾಲು ಗಟ್ಟಿ ಇದ್ದವರೆಲ್ಲ ಹೊಲದಲ್ಲಿ. ಊರಲ್ಲಿ ಮುದುಕರು, ಅಂಗನವಾಡಿ ಮಕ್ಕಳು, ನಾಯಿಗಳು. ಕುಡುಗೋಲುಗಳೂ ಹೊಲಕ್ಕೇ ಹೋಗಿರುತ್ತವೆ. ಅಂಥ ಒಂದು ದಿನ, ಬಿಸಿಲೇರುವ ಹೊತ್ತಿಗೆ ಗಾಳಿ ಎದ್ದಿತು. ಯಾರೋ ಬೆಳಿಗ್ಗೆ ತಿಪ್ಪೆಗೆ ಚೆಲ್ಲಿದ ಬೂದಿಯಲ್ಲಿ ಕೆಂಡ ಉಳಿದಿತ್ತು.

ಸಾವಿತ್ರವ್ವ ಅಂಗನವಾಡಿಯ ಮುಂದೆ ಈಳಿಗೆ ಮಣೆಯ ಮೇಲೆ ಕುಳಿತು ಕುಂಬಳಕಾಯಿ ಹೆಚ್ಚುತ್ತಿದ್ದಳು. ಬೀದಿಯಲ್ಲಿ ಒಂದು ಕರು ಬಾಲ ಎತ್ತಿ, ಹಗ್ಗ ಎಳೆದುಕೊಂಡು, ಕೂಗುತ್ತ ಓಡಿ ಬಂತು.

"ಪರಪ್ಪಣ್ಣಾರ ಕರಾ ಅಲ್ಲೇನಿದು? ಮನ್ಯಾಗ ಯಾರೂ ಇಲ್ಲ, ಯಾರ ಬಿಚ್ಚಿದ್ರು?"

ತಲೆ ಎತ್ತಿದರೆ ಪರಪ್ಪನ ಹಿತ್ತಲ ಮೇಲೆ ಹೊಗೆ. ಕಣಿಕೆಯ, ಅಂದರೆ ಜೋಳದ ಒಣ ದಂಟಿನ ಬಣವೆ ಹತ್ತಿಕೊಂಡಿತ್ತು. ಬಣವೆಯಿಂದ ಕೊಟ್ಟಿಗೆಗೆ ಎಷ್ಟು ದೂರ? ಆ ಕೊಟ್ಟಿಗೆಯ ಅರ್ಧ ಮಾಡು ಕೂಡ ಕಣಿಕೆಯದೇ.

ಊರಲ್ಲಿ ಉಳಿದವರೆಲ್ಲ ಕೊಡ ಹಿಡಿದು ಓಡಿದರು. ಎಲ್ಲರ ಬಾಯಲ್ಲಿ ಒಂದೇ ಮಾತು. "ದನಾ ಬಿಚ್ಚರಿ! ಮದಲ ದನಾ ಬಿಚ್ಚರಿ!" ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವ ಮುದುಕ ಕಾಸಿಂಸಾಬ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಹೊಗೆಯೊಳಗೆ ನುಗ್ಗಿದ. ಕೈಗೆ ಸಿಕ್ಕ ಹಗ್ಗ ಜಗ್ಗಿದ. ಸರಗಂಟು ಬಿಚ್ಚಿಕೊಂಡಿತು. ಎಮ್ಮೆ ಹೊರಬಂತು. ಇನ್ನೊಂದು ಹಗ್ಗ ಜಗ್ಗಿದ. ಆಕಳು ಹೊರಬಂತು. ಅವುಗಳ ಹಿಂದೆ ಕೆಮ್ಮುತ್ತ ಕಾಸಿಂಸಾಬನೂ ಹೊರಬಂದ. ಹುಬ್ಬು ಸುಟ್ಟಿದ್ದವು.

"ದನಾ ಉಳದ್ವು! ದೇವರ ದೊಡ್ಡಾಂವ!" ಎಂದು ಜನ ನಿಟ್ಟುಸಿರು ಬಿಟ್ಟರು. ಒಬ್ಬಳು ಮುದುಕಿ ಎಮ್ಮೆಯ ಮೈ ಸವರಿ ಕಣ್ಣೀರು ಹಾಕಿದಳು.

ಸಾವಿತ್ರವ್ವ ಕೇಳಿದಳು. "ಸೋಮನಿಂಗ?"

ಅಲ್ಲಿದ್ದ ಒಬ್ಬರು ಅಂದರು, "ಅಂವ ಹೊಲಕ್ಕ ಹೋಗಿರಬೇಕ ತಗಿ. ಒಳಗಿದ್ರ ಒದರತಿರಲಿಲ್ಲೇನು?"

"ಕಾಕಾ, ಒಳಗ ನೋಡಿದ್ರೇನು?"

ಕಾಸಿಂಸಾಬನ ಮುಖ ಬಿಳಿಚಿತು. "ಹೊಗಿ ಅಂದ್ರ ಹೊಗಿ ಬೇಟಿ. ಕೈಗೆ ದನದ ಹಗ್ಗ ಅಷ್ಟ ಹತ್ತಿದ್ವು."

ಸಾವಿತ್ರವ್ವ ಸೆರಗು ಮುಖಕ್ಕೆ ಸುತ್ತಿಕೊಂಡು ಹತ್ತಿರದ ದಾರಿಯೆಂದು ಪರಪ್ಪನ ಮನೆಯೊಳಗಿಂದಲೇ ಕೊಟ್ಟಿಗೆಗೆ ಓಡಿದಳು. ಆ ಮನೆಯ ಹೊಸ್ತಿಲನ್ನು ಅವಳು ದಾಟಿದ್ದು ಅಂದೇ ಮೊದಲು. ಇದೂ ನಮ್ಮ ಊರುಗಳ ಸತ್ಯವೇ.

ಕಂಬದ ಬುಡದಲ್ಲಿ ಸೋಮನಿಂಗ ಮೊಣಕಾಲು ಮಡಚಿ ಕುಳಿತಿದ್ದ. ಮಾಡಿನಿಂದ ಉರಿಯುವ ಕಣಿಕೆ ಉದುರುತ್ತಿತ್ತು. ಕಾಲಿಗೆ ಸುತ್ತಿದ ಬಟ್ಟೆ ಎಣ್ಣೆ ಕುಡಿದಿತ್ತಲ್ಲ, ಅದಕ್ಕೂ ಬೆಂಕಿ ಹತ್ತಿತ್ತು. ಒಂದು ಕೈಯಿಂದ ಅದನ್ನು ಬಡಿದು ಆರಿಸುತ್ತಿದ್ದ. ಇನ್ನೊಂದು ಕೈಯಿಂದ ತನ್ನ ಬಾಯನ್ನು ತಾನೇ ಗಟ್ಟಿಯಾಗಿ ಮುಚ್ಚಿಕೊಂಡಿದ್ದ.

ಸಾವಿತ್ರವ್ವ ಹಗ್ಗದ ತುದಿ ಹಿಡಿದು ಜಗ್ಗಿದಳು. ಬಿಚ್ಚಲಿಲ್ಲ. ಮತ್ತೆ ಜಗ್ಗಿದಳು. ಜಗ್ಗಿದಷ್ಟೂ ಬಿಗಿಯಿತು.

"ಯಪ್ಪಾ! ಇದ ಸರಗಂಟಲ್ರಿ!"

ಹೊರಗೆ ನಿಂತವರು ಆ ಕೂಗು ಕೇಳಿ ಬೆಚ್ಚಿದರು. ಕಾಸಿಂಸಾಬ ಕೊಡ ಎತ್ತಿಕೊಂಡು ಮತ್ತೆ ಒಳಗೆ ಬಂದು ಸೋಮನಿಂಗನ ಕಾಲ ಮೇಲೆ ನೀರು ಸುರಿದ. ಸಾವಿತ್ರವ್ವ ಬೀದಿ ದಾಟಿ ಓಡಿ ಅಂಗನವಾಡಿಯ ಈಳಿಗೆ ಎತ್ತಿ ತಂದಳು. ಅದಕ್ಕೆ ಇನ್ನೂ ಕುಂಬಳಕಾಯಿ ಹತ್ತಿಕೊಂಡಿತ್ತು. ಈಳಿಗೆ ಮಣೆಯನ್ನು ತೊಡೆಗೆ ಒತ್ತಿ ಹಿಡಿದು, ಹಗ್ಗವನ್ನು ಅಲಗಿಗೆ ತಿಕ್ಕಿದಳು, ತಿಕ್ಕಿದಳು. ಕೊನೆಯ ಎಳೆ ಹರಿದಾಗ ಇಬ್ಬರೂ ಅವನ ರಟ್ಟೆ ಹಿಡಿದು ಹೊರಗೆ ಎಳೆದರು. ಹಿಂದೆ ಮಾಡು ಕುಸಿಯಿತು.

ಅಂಗನವಾಡಿ ಕಟ್ಟೆಯ ಮೇಲೆ ಮಲಗಿಸಿದರು. ಸೋಮನಿಂಗ ಬಾಯಿಂದ ಕೈ ತೆಗೆದ. ಸುತ್ತ ನೋಡಿದ.

"ಕರಾ?" ಅಂದ.

ಯಾರಿಗೂ ತಿಳಿಯಲಿಲ್ಲ. ಅವನು ಬೆರಳಿನಿಂದ ಗಾಳಿಯಲ್ಲಿ ಹಗ್ಗ ಜಗ್ಗಿದಂತೆ ಮಾಡಿ ತೋರಿಸಿದ. "ಕರಾ ಬಿಚ್ಚೇನಿ. ಎಲ್ಲಿ?"

ಆಗ ಜನಕ್ಕೆ ಅರ್ಥವಾಯಿತು. ಕರುವನ್ನು ಅವನ ಪಕ್ಕದ ಗೂಟಕ್ಕೆ ಕಟ್ಟಿದ್ದರು. ಕೈಗೆ ಎಟುಕುವಷ್ಟು ದೂರ. ಬೆಂಕಿ ಕಂಡ ಕೂಡಲೇ ತನ್ನ ಕಾಲಿನ ಗಂಟು ಬಿಚ್ಚದಿದ್ದಾಗ, ಬಿಚ್ಚುವ ಗಂಟನ್ನು ಬಿಚ್ಚಿ ಕರುವನ್ನು ಹೊರಗೆ ಅಟ್ಟಿದ್ದ. ಆ ಕರು ಬೀದಿಗೆ ಬರದಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಎಮ್ಮೆ, ಆಕಳು, ಅವನು ಎಲ್ಲರೂ ಬೂದಿ.

ಅಷ್ಟರಲ್ಲಿ ಹೊಗೆ ಕಂಡು ಪರಪ್ಪನ ಬಂಡಿ ಹೊಲದಿಂದ ಹಾರಿಕೊಂಡು ಬಂತು. ಪರಪ್ಪ ಇನ್ನೂ ಮೇಲಿದ್ದಾಗಲೇ ಕೂಗಿದ. "ದನಾ?"

"ದನಾ ಎಲ್ಲಾ ಅದಾವ್ರಿ."

"ಹಾ, ಶಿವಾ!" ಎಂದು ಅವನು ಬಂಡಿಯಿಂದ ಇಳಿದ. ಆಗ ಕಟ್ಟೆಯ ಮೇಲೆ ಸೋಮನಿಂಗ ಕಂಡ. ಲಕ್ಕವ್ವ ದನ ಕೇಳಿರಲಿಲ್ಲ. ಬಂಡಿಯಿಂದ ಜಿಗಿದವಳೇ ಕಟ್ಟೆಗೆ ಬಂದು ಸೋಮನಿಂಗನ ತಲೆ ತೊಡೆಯ ಮೇಲೆ ಇಟ್ಟುಕೊಂಡಳು.

"ಯಾಕ ಒದರಲಿಲ್ಲೋ ನನ್ನಪ್ಪಾ? ಒದರಿದ್ರ ಯಾರರ ಬರ್ತಿದ್ರಲ್ಲೋ!"

ಸೋಮನಿಂಗ ಅವಳ ಮುಖ ನೋಡಿದ. ತಪ್ಪು ಮಾಡಿದೆನೇನೋ ಎಂಬಂತೆ ಅವನ ಕಣ್ಣು ಚಿಕ್ಕವಾದವು.

"ಯವ್ವಾ, ನೀನ ಅಂದಿದ್ದಿ. ಒದರಬ್ಯಾಡ, ಸುಮ್ನ ಕುಂದ್ರು ಅಂತ."

ಲಕ್ಕವ್ವ ಅಳಲಿಲ್ಲ. ಸೆರಗಿನಿಂದ ಅವನ ಮುಖದ ಮಸಿ ಒರೆಸತೊಡಗಿದಳು. ಸಾವಿತ್ರವ್ವನ ಕೈ ಸುಟ್ಟು ಬೊಬ್ಬೆ ಎದ್ದಿದ್ದವು. ಆ ಕೈಯಲ್ಲೇ ಹರಿದ ಹಗ್ಗ ಎತ್ತಿ ಪರಪ್ಪನ ಮುಂದೆ ಹಿಡಿದಳು.

"ನೋಡ್ರಿ ಅಣ್ಣಾರ ನಿಮ್ಮ ಗಂಟು! ಎಮ್ಮಿಗೆ ಸರಗಂಟು, ಕರಕ್ಕ ಸರಗಂಟು, ಇಂವಗ ಕಗ್ಗಂಟು! ಇಂವಗೇನೂ ತಿಳಿಯೂದಿಲ್ಲ ಅಂದೋರು ನೀವ. ಸರಗಂಟ ಬಿಚ್ಚಾಕ ತಿಳೀತೈತಿ ಅಂತ ಕಗ್ಗಂಟ ಹಾಕಿದೋರೂ ನೀವ. ಯಾವುದ್ರಿ ಖರೇ?"

ಪರಪ್ಪ ಆ ಹಗ್ಗ ಇಸಿದುಕೊಂಡು ತಾನು ಹಾಕಿದ ಗಂಟನ್ನೇ ನೋಡಿದ.

ಸೋಮನಿಂಗನನ್ನು ಊರಿನ ಬಾಬುಲಾಲನ ಟಂಟಂ ಆಟೋದಲ್ಲಿ ಹಾಕಿಕೊಂಡು ಸಿಂದಗಿ ದವಾಖಾನೆಗೆ ಒಯ್ದರು. ಡಾಕ್ಟರು ಸುಟ್ಟ ಕಾಲು ತೊಳೆಯುತ್ತ ತೊಳೆಯುತ್ತ ಕೈ ನಿಲ್ಲಿಸಿದರು.

"ಇದು ಇವತ್ತಿನ ಗಾಯ. ಇದರ ಮ್ಯಾಲ ಬಳಿ ಹಂಗ ಕಪ್ಪಗ ಆಗೇತಲ್ಲ, ಇದ ಯಾವಾಗಿಂದು?"

ಪರಪ್ಪ ತಲೆ ತಗ್ಗಿಸಿದ. ಹೊರಗೆ ಬಂದು ವರಾಂಡದಲ್ಲಿ ಕುಸಿದು ಕುಳಿತ. ಲಕ್ಕವ್ವನಿಗೆ ಹೇಳಿದ.

"ಸಾಕಾತು. ನಮ್ಮ ಕೈಲೆ ಆಗೂದಿಲ್ಲ. ಕಾಲ ಮಾಯ್ದಮ್ಯಾಲ ಎಲ್ಯಾರ ದೂರ ಆಶ್ರಮದಾಗ ಬಿಟ್ಟ ಬರೂಣು. ಇಂವ ಸತ್ತಿದ್ರ ಆ ಪಾಪ ನಮ್ಮ ತಲೀಗೆ ಬರತಿತ್ತು."

"ಹಗ್ಗ ಬಿಚ್ಚರಿ ಅಂದ್ರ ಮನೀನ ಬಿಡಸ್ತೀರೇನು?" ಸಾವಿತ್ರವ್ವನ ಧ್ವನಿ ಏರಿತು. "ಅಂವಗ ನಿಮ್ಮ ಮನಿ ಬ್ಯಾಡಾಗಿಲ್ರಿ. ಹಗ್ಗ ಬ್ಯಾಡಾಗೇತಿ."

"ಬಿಚ್ಚಿದ್ರ ಓಡಿ ಹೋಗ್ತಾನಲ್ಲ ತಂಗಿ! ಎಲ್ಲಿ ಅಂತ ಹುಡಕೂದು?"

ಮೂಲೆಯಲ್ಲಿ ಕೂತಿದ್ದ ಕಾಸಿಂಸಾಬ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಪರಪ್ಪ, ಅಂವ ಓಡಿ ಹೋಗಿಲ್ಲೋ. ಸಂತಿಗೆ ಹೋಗ್ಯಾನ."

"ಏನಂದಿ ಕಾಕಾ?"

"ಅಂವ ಹ್ವಾದ ದಿನ ಎಲ್ಲಾ ನೆನಪ ಮಾಡ್ಕೋ. ಒಂದರ ಸಂತಿ ಅಲ್ಲದ ದಿನಾ ಹೋಗ್ಯಾನೇನು? ಜನಾ ಬುಟ್ಟಿ ಹೊತ್ಕೊಂಡ ಬಾಗಲಾ ಮುಂದ ಹಾಯ್ದ್ರ ಇಂವೂ ಎದ್ದ. ಅವರವ್ವ ಇದ್ದಾಗ ಇದನ್ನ ಮಾಡ್ತಿದ್ದ. ಹಾದ್ಯಾಗ ಪಲ್ಲೆ ಯಾಕ ಕಿತ್ತ ಅಂತಿ? ಸಂತಿಗೆ ಬರೇ ಕೈಲೆ ಹೋಗತಾರೇನು? ನಾ ಇದೆಲ್ಲಾ ಈಗ ಇಲ್ಲಿ ಕುಂತ ವಿಚಾರ ಮಾಡಾಕತ್ತೇನಿ. ಮದಲ ಮಾಡಬೇಕಿತ್ತು. ಯಾರೂ ಮಾಡಲಿಲ್ಲ."

ಪರಪ್ಪ, ಲಕ್ಕವ್ವ ಮುಖ ಮುಖ ನೋಡಿಕೊಂಡರು. ಲೆಕ್ಕ ತಪ್ಪಿರಲಿಲ್ಲ. ಅವನು ಹೋದದ್ದೆಲ್ಲ ಸಂತೆಯ ದಿನವೇ. ಹುಚ್ಚಿನಿಂದ ಅಲೆದಾಡುತ್ತಾನೆ ಎಂದು ಇಡೀ ಊರು ತಿಳಿದಿತ್ತು. ಅವನು ಕೆಲಸಕ್ಕೆ ಹೋಗುತ್ತಿದ್ದ! ಕೆಲಸಕ್ಕೆ ಹೊರಟ ಗಂಡಸನ್ನು ಹಿಡಿದು ಕಟ್ಟಿ ಹಾಕಿದ್ದರು!

"ಮತ್ತ ಏನ ಮಾಡೂದು ಹೇಳು ತಂಗಿ" ಎಂದಳು ಲಕ್ಕವ್ವ. ಓಣಿ ನೋಡ್ಕೋ ಎಂದ ಬಾಯಿಯಿಂದ ಅಂದು ಈ ಮಾತು ಬಂತು.

"ಹೇಳ್ತೇನ್ರಿ. ಮದಲ ಇಲ್ಲೇ ಡಾಕ್ಟರಿಗೆ ಅಂವನ ಪೂರಾ ತೋರಸ್ರಿ, ಬರೇ ಕಾಲಲ್ಲ. ನಮ್ಮ ಭೀಮೂಗ ಮೂರ್ಛಿ ಬರತಿತ್ತು, ಗುಳಗಿ ಕೊಟ್ಟಮ್ಯಾಲ ಕಮ್ಮಿ ಆಗೇತಿ. ಅಂಗವಿಕಲರ ಗುರುತಿನ ಚೀಟಿ ಎಲ್ಲಿ ಮಾಡಸೂದು ಅಂತ ಇಲ್ಲೇ ಕೇಳ್ರಿ. ಆ ಚೀಟಿ ಇದ್ರ ಸರಕಾರದ ಮಾಸಾಶನಕ್ಕ ಅರ್ಜಿ ಹಾಕಾಕ ಬರತೈತಿ. ಬಂದ ರೊಕ್ಕ ಅಂವನ ಸಲುವಾಗೇ ಖರ್ಚ ಮಾಡ್ರಿ, ಅದು ಅಂವಂದ. ಅಂವನ ಹೆಸರು, ಊರು, ನಿಮ್ಮ ಹೆಸರು ಬರದು ಒಂದ ಚೀಟಿ ಅಂಗಿ ಕಿಸೇದಾಗ ಹೊಲೀರಿ. ಹಾದ್ಯಾಗಿನ ಹೊಲದೋರಿಗೆ, ಬಾಬುಲಾಲಗ, ಬಸ್ಸಿನೋರಿಗೆ, ಇಂವ ನಮ್ಮಾಂವ ಅಂತ ಹೇಳಿ ಇಡ್ರಿ."

"ಹೊಲಕ್ಕ ಹ್ವಾದಾಗ?" ಪರಪ್ಪ ಕೇಳಿದ. ಅವನ ಅನುಮಾನ ಇನ್ನೂ ಹೋಗಿರಲಿಲ್ಲ.

"ಕರಕೊಂಡ ಹೋಗ್ರಿ! ತೆನಿ ಆರಸಾಕ ಬರೂದಿಲ್ಲೇನು ಅಂವಗ? ಬಿಸಲ ಜಾಸ್ತಿ ಆದ್ರ ಅಂಗನವಾಡಿಗೆ ಕಳಸ್ರಿ, ನನಗ ನೀರ ತಂದ ಕೊಡ್ತಾನ. ಅಕ್ಕಾರ ನೀವೂ ಮನಷ್ಯಾರ. ನಿಮಗೂ ಒಂದೆರಡ ದಿನಾ ತವರಿಗೆ ಹೋಗಬೇಕ ಅನಸ್ತೈತಿ. ಸಂಘದಾಗ ನಾವು ಇಷ್ಟ ಮಂದಿ ಅದೇವಿ, ಪಾಳಿ ಮ್ಯಾಲ ನೋಡ್ಕೋತೇವಿ. ಪರರ ಮಗನ್ನ ನೀವು ಮನ್ಯಾಗ ಇಟ್ಕೊಂಡೀರಿ ಅಂದ್ರ ಆ ಭಾರ ನಿಮ್ಮೊಬ್ಬರದಲ್ರಿ. ಊರಿಂದು. ಊರು ಹೊಗಳಿ ಕೈ ತೊಳಕೊಂಡೈತಿ."

"ಸಂತಿಗೆ ನಾ ಕರಕೊಂಡ ಹೋಗ್ತೇನಿ" ಅಂದ ಕಾಸಿಂಸಾಬ. "ಉಳ್ಳಾಗಡ್ಡಿ ಚೀಲ ಹೊರಾಕ ನನ್ನ ಸೊಂಟದಾಗ ಏನೂ ಉಳದಿಲ್ಲ. ಕೂಲಿ ಕೊಡ್ತೇನಪಾ, ಪುಕ್ಕಟ ದುಡಸ್ಕೊಳ್ಳಾಂವ ಅಲ್ಲ ನಾ."

ಸಾವಿತ್ರವ್ವ ಪರಪ್ಪನ ಕಡೆ ತಿರುಗಿದಳು. "ಇನ್ನೊಂದ ಮಾತರಿ ಅಣ್ಣಾರ. ಇಷ್ಟೊತ್ತು ನಾವು ನಾವ ಮಾತಾಡಾಕತ್ತೇವಿ. ಎಲ್ಲಿ ಇರಬೇಕು ಅಂತ ಅಂವನ್ನ ಕೇಳೀರೇನು?"

ಕೇಳಿರಲಿಲ್ಲ. ಪರಪ್ಪ ಎದ್ದು ಒಳಗೆ ಹೋದ. ಸೋಮನಿಂಗ ಕಾಲಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಮಂಚದ ಮೇಲೆ ಕುಳಿತಿದ್ದ. ಆ ಬಟ್ಟೆಯನ್ನೇ ಹೆದರಿಕೆಯಿಂದ ನೋಡುತ್ತಿದ್ದ. ಮತ್ತೆ ಕಟ್ಟಿದರು ಅಂದುಕೊಂಡನೋ ಏನೋ.

"ಸೋಮನಿಂಗ, ಎಲ್ಲಿ ಇರತಿ ಹೇಳಪ್ಪಾ. ನಮ್ಮ ಮನ್ಯಾಗೋ, ಬ್ಯಾರೆ ಕಡೆನೋ?"

ಅವನು ಬಹಳ ಹೊತ್ತು ಯೋಚನೆ ಮಾಡಿದ. ಅಷ್ಟು ದೊಡ್ಡ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ.

"ಮನ್ಯಾಗ" ಅಂದ. ಆಮೇಲೆ ಕಾಲು ತೋರಿಸಿದ. "ಹಗ್ಗ ಬ್ಯಾಡ."

ಪರಪ್ಪ ಗಟ್ಟಿ ಮನುಷ್ಯ. ಅಂದು ದವಾಖಾನೆಯಲ್ಲಿ ಎಲ್ಲರ ಎದುರು ಬಿಕ್ಕಿ ಬಿಕ್ಕಿ ಅತ್ತ.

ಮುಂದೆ ಎಲ್ಲ ಸಸೂತ್ರ ನಡೆಯಿತು ಎಂದು ಹೇಳಿದರೆ ನಂಬಬೇಡಿ. ಸೋಮನಿಂಗ ಒಮ್ಮೆ ಹಟ ಹಿಡಿದು ಲಕ್ಕವ್ವನ ಮೊಸರಿನ ಗಡಿಗೆ ಒಡೆದ. ಇನ್ನೊಮ್ಮೆ ಸಂತೆಯ ಗದ್ದಲದಲ್ಲಿ ಕಾಸಿಂಸಾಬನ ಕೈ ತಪ್ಪಿಹೋದ. ಎಲ್ಲರ ಎದೆ ಒಡೆಯಿತು. ಸಂಜೆಗೆ ಬಾಬುಲಾಲನ ಟಂಟಂ ಮನೆ ಮುಂದೆ ನಿಂತಿತು. ಅದರಿಂದ ಸೋಮನಿಂಗ ಸಾವಕಾಶ ಇಳಿದ. ಬಸ್ ನಿಲ್ದಾಣದಲ್ಲಿ ಯಾರೋ ಅಂಗಿ ಕಿಸೆಯ ಚೀಟಿ ಓದಿ ಬಾಬುಲಾಲನನ್ನು ಕರೆದಿದ್ದರು. ಈ ಸಲ ಬಡಿಯುವ ಮೊದಲು ಓದಿದ್ದರು. ಲಕ್ಕವ್ವ ಹೂವಿನ ಹಿಪ್ಪರಗಿಯ ತವರಿಗೆ ಹೋಗಿ ಬಂದಳು. ಅಷ್ಟು ದಿನ ಸಂಘದ ಹೆಂಗಸರು ಪಾಳಿ ಮೇಲೆ ಬಂದು ನೋಡಿಕೊಂಡರು. ಸಾವಿತ್ರವ್ವನ ಪಾಳಿಯೂ ಬಂತು. ಅವಳು ಮುಂದಿನ ಬಾಗಿಲಿನಿಂದಲೇ ಒಳಗೆ ಹೋದಳು, ಯಾರೂ ಏನೂ ಅನ್ನಲಿಲ್ಲ.

ಹೊಸ ಕೊಟ್ಟಿಗೆಗೆ ಪರಪ್ಪ ಪೂರ್ತಿ ತಗಡು ಹಾಕಿಸಿದ. ಬಣವೆಯನ್ನು ದೂರ ಒಟ್ಟಿದ. ಸಂಜೆ ದನ ಕಟ್ಟುವ ಕೆಲಸ ಈಗ ಸೋಮನಿಂಗನದು. ಕಾಲು ಸ್ವಲ್ಪ ಎಳೆಯುತ್ತಾನೆ. ಎಮ್ಮೆಗೆ ಸರಗಂಟು ಹಾಕುತ್ತಾನೆ, ಆಕಳಿಗೆ ಹಾಕುತ್ತಾನೆ, ಕರುವಿಗೆ ಹಾಕುತ್ತಾನೆ. ಹಾಕಿ ಸುಮ್ಮನೆ ಬರುವುದಿಲ್ಲ. ಪ್ರತಿಯೊಂದು ಹಗ್ಗವನ್ನೂ ಒಮ್ಮೆ ಜಗ್ಗಿ, ಬಿಚ್ಚಿಕೊಂಡಿತೋ ಇಲ್ಲವೋ ನೋಡಿ, ಮತ್ತೆ ಕಟ್ಟುತ್ತಾನೆ. ಒಂದು ದಿನ ಅವಸರದಲ್ಲಿ ಪರಪ್ಪನೇ ಕರು ಕಟ್ಟಲು ಹೋದ. ಸೋಮನಿಂಗ ಅವನ ಕೈ ಸರಿಸಿದ.

"ನೀ ಬ್ಯಾಡ" ಅಂದ. "ನೀ ಬಿಗಿ ಹಾಕ್ತಿ."

ಓದುವವರೇ, ಕೇಳುವವರೇ, ಈಗ ನಿಮ್ಮ ಮಾತಿಗೆ ಬರೋಣ. ಇಂಡಿಯಿರಲಿ, ಸಿಂದಗಿಯಿರಲಿ, ಮುದ್ದೇಬಿಹಾಳವಿರಲಿ, ಬಸವನ ಬಾಗೇವಾಡಿಯಿರಲಿ, ಇಂಥ ಒಬ್ಬ ಅಣ್ಣ, ಒಬ್ಬ ಅಕ್ಕ ಇಲ್ಲದ ಊರು ತೋರಿಸಿರಿ. ನಿಮ್ಮ ಮನೆಯಲ್ಲೇ ಇರಬಹುದು. ನೀವು ಅನ್ನ ಹಾಕುತ್ತಿದ್ದೀರಿ, ಬಟ್ಟೆ ಕೊಡುತ್ತಿದ್ದೀರಿ, ನಿಮ್ಮ 'ಮನಸ್ಸು ದೊಡ್ಡದು', ಒಪ್ಪಿದೆ. ಆದರೆ ಹೊಲಕ್ಕೆ ಹೋಗುವಾಗ ಅವರ ಕೋಣೆಗೆ ಹೊರಗಿನಿಂದ ಚಿಲಕ ಹಾಕುತ್ತೀರಾ? ಬೀಗರು ಬಂದಾಗ ಹಿತ್ತಲಿಗೆ ಕಳಿಸುತ್ತೀರಾ? ಕಾಲಿಗೆ ಹಗ್ಗ ಕಟ್ಟುತ್ತೀರಾ? ಇಂದೇ ಬಿಚ್ಚಿರಿ. ಹೇಗೆ ನೋಡಿಕೊಳ್ಳುವುದು ತಿಳಿಯದಿದ್ದರೆ ತಾಲೂಕು ದವಾಖಾನೆಯಲ್ಲಿ ಕೇಳಿರಿ, ಅಂಗನವಾಡಿಯಲ್ಲಿ ಕೇಳಿರಿ, ಸಂಘದಲ್ಲಿ ಬಾಯಿ ಬಿಟ್ಟು ಹೇಳಿರಿ. ಕೇಳುವುದರಲ್ಲಿ ನಾಚಿಕೆ ಇಲ್ಲ, ಕಟ್ಟುವುದರಲ್ಲಿ ಇದೆ. ಎಲ್ಲಕ್ಕಿಂತ ಮೊದಲು ಅವರನ್ನೇ ಕೇಳಿರಿ, ಏನು ಬೇಕು, ಎಲ್ಲಿಗೆ ಹೋಗಬೇಕು ಎಂದು. ಉತ್ತರ ತಡವಾಗಿ ಬಂದೀತು. ನಿಂತು ಕೇಳಿರಿ.

ನೆರೆಹೊರೆಯವರೇ, ಅಂಥ ಮನೆ ನಿಮ್ಮ ಪಕ್ಕದಲ್ಲಿದ್ದರೆ ಹೊಗಳಿ ಸುಮ್ಮನಾಗಬೇಡಿ. ಒಂದು ದಿನದ ಪಾಳಿ ನೀವು ಹೊರಿರಿ.

ಇವತ್ತು ಸಂಜೆ ದನ ಕಟ್ಟುವಾಗ ಗಂಟು ಹಾಕಿ ಒಮ್ಮೆ ಜಗ್ಗಿ ನೋಡಿರಿ. ಬಿಚ್ಚಿಕೊಳ್ಳುತ್ತದೆ. ಆಮೇಲೆ ಮನೆಯೊಳಗೆ ಹೋಗಿರಿ. ಅಲ್ಲಿ ಬಿಚ್ಚದ ಗಂಟು ಯಾರ ಕಾಲಿಗಿದೆ, ನೋಡಿರಿ.